ಕಣಗಿಲೆ ಇಲ್ಲದ ಅಂಗಳ

"ಏಯ್... ಯಾರ್ರೀ ಅದು? ಎದ್ದೇಳ್ರೀ ಮೊದಲು!"

ಹೊಸ ಮನೆಯ ಗೇಟು ತೆರೆದವಳು ಬೆಚ್ಚಿ ನಿಂತಳು. ಒಂದು ಹುಲ್ಲುಕಡ್ಡಿಯೂ ಇಲ್ಲದ ಅಂಗಳದ ಮಣ್ಣಿನಲ್ಲಿ ಒಬ್ಬ ಗಂಡಸು ಅಂಗಾತ ಮಲಗಿದ್ದ! ಅಂಗಿಯೆಲ್ಲ ಧೂಳು. ಕಣ್ಣು ಮಾತ್ರ ಆಕಾಶದಲ್ಲಿ.

"ಒಂದ್ನಿಮಿಷ ಮೇಡಂ... ನಿಮ್ಮ ಅಪ್ಪಾಜಿ ಗಾಲಿಕುರ್ಚಿಯಲ್ಲಿ ಕೂರೋದು ಇಲ್ಲೇ ತಾನೇ? ಹತ್ತು ಗಂಟೆ ಬಿಸಿಲು ನೇರ ಕಣ್ಣಿಗೇ ಹೊಡೀತಿದೆ. ಈ ಮೂಲೇಲಿ ದೊಡ್ಡ ಮರ ಬೇಕೇ ಬೇಕು."

ಗಿಡಗಳಿಗಾಗಿ ಕರೆಸಿದ್ದವನು ಇವನೇ! ನಿನ್ನೆ ಫೋನಿನಲ್ಲಿ ಅಪ್ಪನ ಬಗ್ಗೆ ಒಂದೇ ಒಂದು ಮಾತು ಹೇಳಿದ್ದಳು. ಅದಕ್ಕಾಗಿ ಇವನು ಮಣ್ಣಿನಲ್ಲಿ ಮಲಗಿದ್ದಾನಾ?

ಅವನು ನರ್ಸರಿಯವನು. ಗಿಡಗಳನ್ನು ಶಾಲೆ ಮಕ್ಕಳ ಹಾಗೆ ಗದರಿಸಿ, ಮುದ್ದಿಸಿ ಬೆಳೆಸುತ್ತಿದ್ದುದರಿಂದ ಕೆಲಸದವರೆಲ್ಲ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಅವಳು ಫಿಸಿಯೋಥೆರಪಿಸ್ಟ್. ಎಷ್ಟೋ ಜನರ ಬಿದ್ದ ಕೈಕಾಲು ಎಬ್ಬಿಸಿದವಳು. ಆದರೆ ಲಕ್ವ ಹೊಡೆದ ಅಪ್ಪನ ನಾಲಿಗೆಯನ್ನು ಎಬ್ಬಿಸಲು ಮಾತ್ರ ಆಗಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ದಾಗ ಆ ತುದಿಯಿಂದ ಈ ತುದಿಗೆ ಕೇಳುತ್ತಿದ್ದ ಗಂಟಲು, ಒಂದೂವರೆ ವರ್ಷದಿಂದ ಮೌನ. ಅವರಿಗಾಗಿಯೇ ಅವಳು ಹೊಸಿಲಿಲ್ಲದ, ಮೆಟ್ಟಿಲಿಲ್ಲದ ಈ ಮನೆ ಕಟ್ಟಿಸಿದ್ದಳು.

ಗಿಡ ಆರಿಸಲು ಅಪ್ಪನನ್ನೂ ನರ್ಸರಿಗೆ ಕರೆದೊಯ್ದಾಗ ಅವಳಿಗೆ ಬೇರೆಯೇ ಲೋಕಕ್ಕೆ ಬಂದಂತಾಯಿತು. ಮೇಷ್ಟ್ರು ಒಂದು ಎಲೆ ಉಜ್ಜಿದರೆ ನಿಂಬೆಯ ಘಮ. ಇನ್ನೊಂದನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ನದಿಗಳಂಥ ನರಗಳು. ಬೆರಳ ತುದಿಯಲ್ಲಿ ಒಂದು ಬೀಜ ತೋರಿಸಿ, "ಇದರೊಳಗೆ ನಿಮ್ಮ ಮನೆಗಿಂತ ಎತ್ತರದ್ದು ಕೂತಿದೆ ಮೇಡಂ" ಎಂದ.

ಅವಳಿಗೆ ಮೈ ಜುಮ್ಮೆಂದಿತು. 'ಇಷ್ಟು ವರ್ಷ ನಾನು ಕಣ್ಣು ಮುಚ್ಚಿಕೊಂಡೇ ಓಡಾಡಿದೆನಾ?'

ಮಲ್ಲಿಗೆ, ಸೀಬೆ, ನಿಂಬೆ ಎಲ್ಲವೂ ಪಟ್ಟಿಗೆ ಸೇರಿದವು. ಕಾಂಪೌಂಡಿನ ಉದ್ದಕ್ಕೂ ಗುಲಾಬಿ ಬಣ್ಣದ ಕಣಗಿಲೆಯೇ ಬೇಕು ಎಂದು ಅವಳು ಹಟ ಹಿಡಿದಳು. ಅವನು ನಕ್ಕು ಒಪ್ಪಿದ. ಆ ನಗು ದಾರಿಯುದ್ದಕ್ಕೂ ಅವಳ ಜೊತೆಗೇ ಬಂತು.

ಆಮೇಲೆ ಅವನು ದಿನಾ ಬಂದು ನೆಟ್ಟ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವಳು ಆಸ್ಪತ್ರೆಯಿಂದ ಬೇಗ ಬರಲು ನೆಪ ಹುಡುಕತೊಡಗಿದಳು.

ಆದರೆ ಒಂದು ಸಂಜೆ...

ನೆಟ್ಟು ವಾರವೂ ಆಗದ ಕಣಗಿಲೆಗಳು ಒಂದೂ ಇರಲಿಲ್ಲ! ಅವನ್ನು ಕಿತ್ತ ಗುಂಡಿಗಳಲ್ಲಿ ಅವನು ದಾಸವಾಳ ನೆಡುತ್ತಿದ್ದ.

"ನನ್ನ ಕಣಗಿಲೆ ಎಲ್ಲಿ?"

"ತೆಗೆದೆ ಮೇಡಂ. ಬೇರೆ ಕಡೆ ಕಳಿಸ್ದೆ."

"ನನ್ನ ಒಂದು ಮಾತು ಕೇಳದೆ? ಬೇರೆ ಮನೆಯೋರು ಜಾಸ್ತಿ ಕೊಟ್ರಾ? ಇದಕ್ಕೆ ಕಳ್ಳತನ ಅಂತಾರೆ!"

ಅವನ ಮುಖ ಕಪ್ಪಿಟ್ಟಿತು. ಬಾಯಿ ತೆರೆದವನು ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿದರು. ಅವನು ಗುದ್ದಲಿ ಎತ್ತಿಕೊಂಡ.

"ನಾಳೆಯಿಂದ ಬರಬೇಡಿ!"

"ಆಯ್ತು ಮೇಡಂ. ಆದ್ರೆ ಆ ಮೂಲೆಗೆ ಅಂದಿದ್ದ ಮರ ಬರುತ್ತೆ. ಅದನ್ನ ಬೇಡ ಅನ್ಬೇಡಿ."

ಹನ್ನೊಂದನೆಯ ದಿನ ಬೆಳಿಗ್ಗೆ ಮರ ಬಂತು. ಅವನು ಬರಲಿಲ್ಲ.

ರಸ್ತೆ ಅಗಲಗೊಳಿಸಲು ಕಡಿಯಬೇಕಿದ್ದ ಹದಿನೈದು ವರ್ಷದ ಸಂಪಿಗೆ ಮರವದು. ಬೇರಿನ ಮಣ್ಣಿಗೆ ಗೋಣಿತಾಟು ಸುತ್ತಿ, ಲಾರಿಯಲ್ಲಿ ಮಲಗಿಸಿ ತಂದಿದ್ದರು. ಕ್ರೇನು ಗುರುಗುಟ್ಟಿತು. ಮರ ನಿಧಾನವಾಗಿ ಎದ್ದು ನಿಂತಿತು... ನೆಲ ಬಿಟ್ಟಿತು... ಮನೆಯ ಸೂರಿಗಿಂತಲೂ ಮೇಲೇರಿತು! ನೀಲಿ ಆಕಾಶದಲ್ಲಿ, ಬೇರು ಸಮೇತ, ಒಂದು ಇಡೀ ಮರ! ಎಲೆಗಳ ನೆರಳು ಅಂಗಳದ ಮೇಲೆಲ್ಲ ಹರಿದಾಡಿತು. ಅವಳಿಗೆ ಉಸಿರಾಡುವುದೇ ಮರೆತುಹೋಯಿತು.

"ಅಬ್ಬಾ!"

ಯಾರ ದನಿ ಅದು? ಅವಳು ಗಕ್ಕನೆ ತಿರುಗಿದಳು.

ಅಪ್ಪ! ಮುಖವೆತ್ತಿ ಮರವನ್ನೇ ನೋಡುತ್ತಿದ್ದರು. ಕೆನ್ನೆಯ ಮೇಲೆ ನೀರು.

"ಅಪ್ಪಾ... ಮಾತಾಡಿದ್ರಾ? ಇನ್ನೊಂದ್ಸಲ ಅಪ್ಪಾ!" ಅವಳು ಓಡಿಬಂದು ಅವರ ಕೈ ಹಿಡಿದಳು.

ಅವರ ತುಟಿ ಒದ್ದಾಡಿತು. "ಕಣಗಿಲೆ... ಎಲೆ... ನಾನು... ಗೊತ್ತಿಲ್ದೆ... ಬಾಯಿಗೆ. ವಿಷ. ಅವನು... ಕಿತ್ಕೊಂಡ." ಅವರು ಬಲವಿದ್ದ ಒಂದೇ ಕೈಯನ್ನು ಎದೆಗಿಟ್ಟು ತೋರಿಸಿದರು. "ಹೇಳಬೇಡ... ಹೀಗೆ... ಬೇಡ್ಕೊಂಡೆ."

'ಅಯ್ಯೋ... ಯಾರಿಗೆ ಏನಂದುಬಿಟ್ಟೆ!'

ಮರ ಗುಂಡಿಯಲ್ಲಿ ನೆಟ್ಟಗೆ ನಿಂತ ಮೇಲೆ, ಅಪ್ಪನ ಕಿವಿಯಲ್ಲಿ ಏನನ್ನೋ ಕೇಳಿ, ಪಕ್ಕದ ಮನೆಯ ಅಕ್ಕನನ್ನು ಅವರ ಬಳಿ ಕೂರಿಸಿ, ಅವಳು ನರ್ಸರಿಗೆ ಧಾವಿಸಿದಳು.

ಅವನು ಸಸಿಗಳಿಗೆ ನೀರು ಬಿಡುತ್ತಿದ್ದ.

"ಯಾಕೆ ಹೇಳ್ಲಿಲ್ಲ? ನಿಮ್ಮನ್ನ ಕಳ್ಳ ಅಂದೆ ನಾನು!"

ಅವನು ತಿರುಗಿದ. "ಮಗಳ ಮುಂದೆ ಮಗು ಥರ ಕಾಣೋದು ಯಾವ ಅಪ್ಪನಿಗೆ ಇಷ್ಟ ಹೇಳಿ? ನೀವು ಬೈದ್ರೆ ನನಗೆ ಒಂದು ದಿನದ ನೋವು, ಅಷ್ಟೇ."

"ಒಂದೇ ದಿನಾನಾ?"

ಅವನು ತಲೆ ತಗ್ಗಿಸಿದ. "...ಸುಳ್ಳು. ಇವತ್ತಿಗೆ ಹನ್ನೊಂದು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಅಪ್ಪ ಮಾತಾಡಿದ್ರು ಮೇಷ್ಟ್ರೇ! ಆ ಮರ ನೋಡಿ ಅಬ್ಬಾ ಅಂದ್ರು!"

ಪೈಪು ಅವನ ಕೈಯಿಂದ ಜಾರಿತು. ನೀರು ಇಬ್ಬರ ಪಾದಗಳ ಮೇಲೂ ಹರಿಯಿತು. ಯಾರೂ ಕದಲಲಿಲ್ಲ.

"ನನ್ನನ್ನ ಕ್ಷಮಿಸಿ. ಮನೆಗೆ ಬನ್ನಿ... ಗಿಡ ನೆಡೋಕಲ್ಲ. ನೀವಿಲ್ಲದೆ ಆ ಮನೆ ನನಗೆ ಮನೆ ಅನಿಸ್ತಿಲ್ಲ."

ಅವನ ಕಣ್ಣು ತುಂಬಿತು. "ನೀವು ಬರಬೇಡಿ ಅಂದ ದಿನದಿಂದ ನನಗೂ ಈ ನರ್ಸರಿ ಹಸಿರಾಗಿ ಕಂಡಿಲ್ಲ... ಆದ್ರೆ ಅಪ್ಪಾಜಿ ಒಪ್ತಾರಾ?"

"ಕೇಳ್ಕೊಂಡೇ ಬಂದೆ. 'ಕರ್ಕೊಂಡ್ ಬಾ' ಅಂದ್ರು. ಒಂಚೂರೂ ತೊದಲ್ಲಿಲ್ಲ."

ಅವನು ಮಣ್ಣಾದ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವಳು ಅದಕ್ಕೂ ಕಾಯದೆ ಆ ಕೈ ಹಿಡಿದುಬಿಟ್ಟಳು.

"ನಿಮ್ಮ ಕೈಗೂ ಮಣ್ಣಾಯ್ತು..." ಅವನೆಂದ ಮೆಲ್ಲಗೆ.

"ನಿಮ್ಮ ಅಲ್ಲ. ನಿನ್ನ ಅನ್ನು."