ಬೋರೆಯಲ್ಲಿ ಸುಡದೆ ಉಳಿದ ಜಾಗ

1943ನೇ ಇಸವಿ ಮಾರ್ಚ್ 16, ಮಂಗಳವಾರ, ಮಧ್ಯಾಹ್ನ ಮೂರೂವರೆ ಗಂಟೆಗೆ ಹೊಳೆನರಸೀಪುರದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಕೆಂಚನಬೋರೆಯ ಹುಲ್ಲುಗಾವಲಿಗೆ ಬೆಂಕಿ ಬಿದ್ದಿದೆ, ಹಾಸನದ ಕಡೆಗೆ ಹೋದ ರೈಲಿನ ಕಿಡಿಯೇ ಕಾರಣ ಎಂಬುದು ದೂರು. ತಂದವರು ಆ ಊರಿನ ರೈತ ರುದ್ರಯ್ಯ. ವಯಸ್ಸು ಐವತ್ತು ದಾಟಿತ್ತು.

"ಎಫ್‌ಐಆರ್ ಬರ್ಕೊಳ್ಳಿ ಸ್ವಾಮಿ. ಜಲ್ದಿ ಬಂದು ಪಂಚನಾಮೆ ಮಾಡಿ."

ಇನ್ಸ್‌ಪೆಕ್ಟರ್ ಗೌರೀಶಂಕರ ತಲೆಯೆತ್ತಿ ನೋಡಿದರು. ಬೆಂಕಿಯ ದೂರು ತರುವವರು ಸಾಮಾನ್ಯವಾಗಿ ಏದುಸಿರು ಬಿಡುತ್ತಾರೆ, ಕೂಗಾಡುತ್ತಾರೆ. ಪಂಚನಾಮೆಯ ಮಾತನ್ನು ತಾವಾಗಿ ಎತ್ತುವುದಿಲ್ಲ.

"ಬೆಂಕಿ ಆರಿತಾ?"

"ಇನ್ನೂ ಉರೀತಾ ಅದೆ."

"ಏನೇನು ಹೋಗಿದೆ?"

"ನನ್ನ ಹುಲ್ಲು ಪೂರಾ. ಊರೋರದ್ದೂ ಓಗಿರ್‌ಬೋದು. ರೈಲ್ವೆಯೋರು ಎಲ್ರಿಗೂ ಪರಿಹಾರ ಕೊಡಬೇಕು ಸ್ವಾಮಿ."

ದೂರು ನಂಬುವಂತೆಯೇ ಇತ್ತು. ಯುದ್ಧ ಶುರುವಾದ ಮೇಲೆ ಕಲ್ಲಿದ್ದಲು ಸಾಲದೆ ಎಂಜಿನ್ನಿಗೆ ಸೌದೆ ಹಾಕುತ್ತಿದ್ದರು. ಹೊಗೆಯ ಜೊತೆ ಕಿಡಿ ಹಾರುವುದನ್ನು ತಾಲ್ಲೂಕಿನಲ್ಲಿ ಎಲ್ಲರೂ ಕಂಡಿದ್ದರು.

ಸೈಕಲ್ಲಿನ ಮೇಲೆ ಹೋಗುವಾಗ ಕಾನ್‌ಸ್ಟೇಬಲ್ ಮಂಚಯ್ಯ ಕೇಳಿದ: "ರುದ್ರಯ್ನೋರ ಪಂಚೆ ನೋಡಿದ್ರಾ ಸಾ? ಬೀಗರ ಮನೆ ಊಟಕ್ಕೆ ಒಂಟಂಗದೆ. ಊರು ಉರೀತಿರುವಾಗ ಒಂದು ಮಸಿ ಕಲೆ ಬ್ಯಾಡ್ವಾ?"

"ನೋಡಿದೆ," ಎಂದರು ಇನ್ಸ್‌ಪೆಕ್ಟರ್.

ಅವರು ತಲುಪುವ ಹೊತ್ತಿಗೆ ಜನ ಹಸಿ ಸೊಪ್ಪಿನಲ್ಲಿ ಬಡಿದು ಬೆಂಕಿ ಆರಿಸಿದ್ದರು. ಮಸಿ ಮೆತ್ತಿ ಒಬ್ಬರ ಮುಖವೂ ಗುರುತು ಸಿಗುವಂತಿರಲಿಲ್ಲ. ಬೋರೆಯ ದಿಬ್ಬದ ತುದಿಯಲ್ಲಿ, ಕೇರಿಯ ಅಂಚಿಗಿದ್ದ ಕೂಲಿಕಾರ ಲಕ್ಕಯ್ಯನ ಗುಡಿಸಲು ಸುಟ್ಟುಹೋಗಿತ್ತು. ಹಿಂದೆ ಕಟ್ಟಿದ್ದ ಕರೆಯುವ ಹಸು ಸತ್ತಿತ್ತು. ಅದನ್ನು ಬಿಚ್ಚಲು ಹೋದ ಲಕ್ಕಯ್ಯನ ಅಂಗೈ ಸುಟ್ಟಿತ್ತು.

ಅವನ ಹೆಂಡತಿ ಮುದ್ದಮ್ಮ ಬೂದಿಯಲ್ಲಿ ಪಾತ್ರೆ ಹುಡುಕುತ್ತಿದ್ದಳು. "ಪರಿಹಾರ, ಪರಿಹಾರ ಅಂತಾರೆ. ರೈಲು ಬಂದು ನಮ್ಮ ಮನೆ ಕಟ್ಟೀತಾ? ಮಳೆಗೆ ಮುಂಚೆ ಸೂರು ಬೇಕು ಕಣಪ್ಪ. ಅದನ್ನ ಬರ್ಕೊ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಕಿಡಿ ರೈಲಿನದೆಂದು ಸಾಬೀತಾದರೆ ಮಾತ್ರ ರೈಲ್ವೆ ಪರಿಹಾರ ಕೊಡುತ್ತಿತ್ತು. ಇಲ್ಲದಿದ್ದರೆ ಲಕ್ಕಯ್ಯ ಯಾರನ್ನು ಕೇಳಬೇಕು?

ಮಾರನೆಯ ಬೆಳಿಗ್ಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆ ನಡೆಸಿದರು. ಹಳಿಯ ಬೇಲಿಯಿಂದ ಲಕ್ಕಯ್ಯನ ಮನೆಯವರೆಗೆ ಬೋರೆ ಕಪ್ಪಗಿತ್ತು. ನಡುವೆ ಒಂದೇ ಒಂದು ಜಾಗ ಸುಟ್ಟಿರಲಿಲ್ಲ. ಅದು ರುದ್ರಯ್ಯನವರ ಹೆಂಡತಿ ನೀಲಾಂಬಿಕೆಯ ಗದ್ದುಗೆ. ಹಿಂದಿನ ವರ್ಷ ಅವರನ್ನು ಅಲ್ಲಿ ಮಣ್ಣು ಮಾಡಿದ್ದರು. ಪಕ್ಕದ ಕಣಗಿಲೆ ಗಿಡದ ಒಂದು ಎಲೆಯೂ ಬಾಡಿರಲಿಲ್ಲ.

ಗದ್ದುಗೆಯ ಸುತ್ತ ಒಂದು ಗಾಡಿ ತಿರುಗುವಷ್ಟು ಅಗಲಕ್ಕೆ ಹುಲ್ಲನ್ನು ಬೇರು ಸಮೇತ ಕೆತ್ತಿ ತೆಗೆಯಲಾಗಿತ್ತು. ಇನ್ಸ್‌ಪೆಕ್ಟರ್ ಕುಳಿತು ಮಣ್ಣು ಕೆದಕಿದರು. ಬೂದಿ ಮೇಲೆ ಮಾತ್ರ ಇತ್ತು. ಅಡಿಯ ಮಣ್ಣು ಹೊಸದಾಗಿ ಮಗುಚಿದ್ದು.

"ಇದನ್ನ ಯಾವಾಗ ಕೆತ್ತಿದ್ದು?"

"ಶಿವರಾತ್ರಿಗೆ ಸ್ವಾಮಿ. ಪೂಜೆಗೆ ಅಂತ," ಎಂದರು ರುದ್ರಯ್ಯ.

ಮುದ್ದಮ್ಮ ಸುಮ್ಮನಿರಲಿಲ್ಲ. "ಗದ್ದುಗೆಗೆ ಯಾರಾದ್ರೂ ಗುದ್ದಲಿ ಆಕ್ತಾರಾ? ಶಿವರಾತ್ರಿಗೆ ನಾನೇ ಕುಡ್ಲಲ್ಲಿ ಕುಯ್ದಿದ್ದೆ. ಮಲಗಿರೋರ ಪಕ್ಕ ಗುದ್ದಲಿ ಸದ್ದು ಆಗಬಾರದು ಅಂತ ರುದ್ರಯ್ನೋರೇ ಏಳಿದ್ರು."

ಲಕ್ಕಯ್ಯ ರುದ್ರಯ್ಯನವರ ಪರವಾಗಿ ಬಂದ. "ನಿಂಗೇನ್ ಗೊತ್ತು, ಸುಮ್ಕಿರು. ಅವ್ರು ಕೆತ್ತಿದ್ದು ಮೊನ್ನೆ ಸ್ವಾಮಾರ ಸಂಜೆ ಸಾ. ಗುದ್ದಲಿ ಕೊಡಿ, ನಾನು ಕೆತ್ತೀನಿ ಅಂದೆ. ಬ್ಯಾಡ ಓಗ್ಲಾ ಅಂದ್ರು."

ತಾನು ಹೇಳಿದ್ದೇನೆಂದು ಲಕ್ಕಯ್ಯನಿಗೆ ನಿಧಾನವಾಗಿ ಹೊಳೆಯಿತು.

"ರುದ್ರಯ್ಯನವರೇ," ಎಂದರು ಇನ್ಸ್‌ಪೆಕ್ಟರ್, "ರೈಲು ಹೋದದ್ದು ಮಂಗಳವಾರ. ಬೆಂಕಿ ಬರುತ್ತೆ ಅಂತ ಸೋಮವಾರವೇ ನಿಮಗೆ ಯಾರು ಹೇಳಿದ್ರು?"

ರುದ್ರಯ್ಯ ಕಣಗಿಲೆ ಗಿಡದ ಕಡೆ ನೋಡುತ್ತಾ ನಿಂತರು.

"ಅವಳನ್ನ ಇನ್ನೊಂದ್ ಸಲ ಬೆಂಕಿ ಮುಟ್ಟಬಾರದಾಗಿತ್ತು."

ಮುಂದಿನದನ್ನು ಕೇಳದೆಯೇ ಹೇಳಿದರು. ಹೋದ ಏಪ್ರಿಲ್‌ನಲ್ಲಿ ನಿಜವಾಗಿಯೂ ರೈಲಿನ ಕಿಡಿ ಹಾರಿ ಅವರ ಹುಲ್ಲಿನ ಮೆದೆ ಹತ್ತಿಕೊಂಡಿತ್ತು. ಕರು ಬಿಚ್ಚಲು ಹೋದ ನೀಲಾಂಬಿಕೆ ಸುಟ್ಟು ತೀರಿಕೊಂಡರು. ಅದೇ ದಿನ ಮಣ್ಣು ಮಾಡಿದರು. ಠಾಣೆಗೆ ಹೋಗುವುದು ಯಾರಿಗೂ ಹೊಳೆಯಲಿಲ್ಲ. ಪರಿಹಾರ ಕೇಳಿದಾಗ ರೈಲ್ವೆಯವರು ಪೊಲೀಸ್ ದೂರು ಎಲ್ಲಿ, ಪಂಚನಾಮೆ ಎಲ್ಲಿ, ಸಾಕ್ಷಿ ಯಾರು ಎಂದರು. ಹಾಸನದ ವಕೀಲರೂ ಅದನ್ನೇ ಕೇಳಿದರು. ರುದ್ರಯ್ಯ ತಮ್ಮ ನೆಂಟರನ್ನು, ಪಕ್ಕದ ಹೊಲದವರನ್ನು ಕೇಳಿದರು. ಕಂಡವರಿರಲಿಲ್ಲ.

"ಈ ಸಲ ಎಲ್ಲಾ ಸರ್‍ಯಾಗಿ ಮಾಡಾನ ಅಂತ. ಎಲ್ರ ಹುಲ್ಲೂ ಓದ್ರೆ ಊರೇ ಬಂದು ಸಾಕ್ಷಿ ಏಳ್ತದೆ. ಆಗ ಓದ್ ವರ್ಸದ್ದನ್ನೂ ನಂಬ್ತಾರೆ. ರೈಲು ದಾಟ್ತಲೇ ಕಡ್ಡಿ ಗೀರಿದೆ. ಗಾಳಿ ಲಕ್ಕಯ್ಯನ ಮನೆ ಕಡೆ ತಿರುಗಿದ್ದು ನಂಗೆ ಗೊತ್ತಾಗ್ನಿಲ್ಲ. ನಾನಾಗ್ಲೇ ಠಾಣೆ ದಾರೀಲಿದ್ದೆ."

ಲಕ್ಕಯ್ಯ ಸೊಪ್ಪು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

"ಓದ್ ವರ್ಸದ ಕಿಡಿ ನಾನು ಕಂಡಿದ್ದೆ ರುದ್ರಯ್ನೋರೆ. ಹಳಿ ಪಕ್ಕ ಆಡು ಮೇಯಿಸ್ತಿದ್ದೆ. ಎಂಜಿನ್ನಿಂದ ಹಾರಿ ಮೆದೆ ಮ್ಯಾಲೆ ಬಿದ್ದದ್ದು ಕಣ್ಣಾರೆ ಕಂಡೆ."

"ಯಾಕ್ಲಾ ಏಳ್ನಿಲ್ಲ?"

"ನೀವು ಎಲ್ರನ್ನೂ ಕೇಳಿದ್ರಿ. ನಮ್ಮ ಕೇರಿಗೆ ಬಂದು ಕೇಳ್ನಿಲ್ಲ."

ಬೆಳಿಗ್ಗೆ ಹನ್ನೊಂದು ಗಂಟೆಗೆ ರುದ್ರಯ್ಯನವರನ್ನು ದಸ್ತಗಿರಿ ಮಾಡಲಾಯಿತು. ಮಂಚಯ್ಯ ಕೈಕೋಳ ತೆಗೆದ. ಇನ್ಸ್‌ಪೆಕ್ಟರ್ ಬೇಡವೆಂದರು. ಹೊರಡುವ ಮುನ್ನ ಹೋದ ವರ್ಷದ ಕಿಡಿಯ ಬಗ್ಗೆ ಲಕ್ಕಯ್ಯನ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ಬಲಗೈಯದು, ಎಡಗೈ ಸುಟ್ಟಿದ್ದರಿಂದ.

ರುದ್ರಯ್ಯ ತಪ್ಪೊಪ್ಪಿಕೊಂಡರು. ಸಜೆಯಾಯಿತು, ಜುಲ್ಮಾನೆಯೂ ಬಿತ್ತು. ಅದಕ್ಕಾಗಿ ತಮ್ಮ ಗದ್ದೆ ಮಾರಿದರು. ಜುಲ್ಮಾನೆಯ ಹಣದಲ್ಲಿ ಲಕ್ಕಯ್ಯನಿಗೆ ಪರಿಹಾರ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರು. ಮುಂಗಾರಿಗೆ ಮೊದಲೇ ಮುದ್ದಮ್ಮನ ಮನೆಗೆ ಹೆಂಚು ಏರಿತು.

ನೀಲಾಂಬಿಕೆಯ ಸಾವಿಗೆ ಪರಿಹಾರ ಕೇಳುವ ದಾವೆಯನ್ನು ವಕೀಲರು ಒಂದು ವರ್ಷದ ಗಡುವು ಮೀರುವ ಮೊದಲೇ, ಏಪ್ರಿಲ್‌ನಲ್ಲಿ, ಹಾಸನದ ಕೋರ್ಟಿನಲ್ಲಿ ಹೂಡಿದರು. ವಿಚಾರಣೆಯ ದಿನ ವಾದಿಯ ಕಡೆಯ ಮೊದಲನೇ ಸಾಕ್ಷಿಯಾಗಿ ಲಕ್ಕಯ್ಯನ ಹೆಸರು ಕೂಗಿದರು. ಅವನು ಹೊತ್ತಿಗೆ ಮುಂಚೆಯೇ ಬಂದು ಬಾಗಿಲ ಹೊರಗೆ ನಿಂತಿದ್ದ.