ತೀಖೋನ್‌ಗೆ ಅಮ್ಮ ಇಟ್ಟ ಅರ್ಥ

ಕಿಟಕಿಯಾಚೆ ನಿಂತವನು ಟೋಪಿ ತೆಗೆದು, "ಹೆಸರು ಬದಲಾಯಿಸ್ಬೇಕಿತ್ತು," ಎಂದ.

ಊರಿನ ನೋಂದಣಿ ಕಚೇರಿಯಲ್ಲಿ ಹುಟ್ಟು, ಸಾವು, ಮದುವೆ ಬರೆಯುತ್ತ ಅಲೆವ್ತೀನಾಳಿಗೆ ಆರು ವರ್ಷವಾಗಿತ್ತು. ಇದ್ದ ಹೆಸರೇ ಬೇಡವೆಂದು ಬಂದವನು ಇವನೇ ಮೊದಲಿಗ.

"ಈಗಿರೋ ಹೆಸರೇನು?"

"ತೀಖೋನ್."

"ಚೆನ್ನಾಗೇ ಇದೆಯಲ್ಲ."

"ಹೇಳೋರಿಗೆ ಚೆನ್ನಾಗಿರುತ್ತೆ. ನಾನು ಹೊಳೆ ದಾಟಿಸೋ ಮೋಟಾರ್ ದೋಣಿ ಓಡಿಸ್ತೀನಿ. ಹತ್ತಿದೋರೆಲ್ಲ ತೀಖಿ, ತೀಖಿ ಅಂತಾರೆ."

ವೋಲ್ಗಾ ದಡದ ನಮ್ಮ ಮಾತಿನಲ್ಲಿ ತೀಖಿ ಎಂದರೆ ಸದ್ದಿಲ್ಲದವನು, ಬಾಯಿಲ್ಲದವನು.

"ನಾನು ಏನಾದ್ರೂ ಹೇಳೋಕೆ ಮುಂಚೆನೇ ನಗ್ತಾರೆ. ಆಮೇಲೆ ಹೇಳೋದೇ ಬೇಡ ಅನ್ಸುತ್ತೆ."

ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. ಅಲೆವ್ತೀನಾ ನಗು ತಡೆದುಕೊಂಡು ಹೆಸರುಗಳ ಕೈಪಿಡಿ ತೆಗೆದಳು. ಹಾಳೆ ತಿರುವುತ್ತ ಒಮ್ಮೆ ಕಣ್ಣೆತ್ತಿದಾಗ ಅವನು ಪುಸ್ತಕ ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಇಲ್ನೋಡಿ. ನಿಮ್ಮ ಹೆಸರಿಗೂ ಮೌನಕ್ಕೂ ನೆಂಟಸ್ತಿಕೆನೇ ಇಲ್ಲ. ಇದು ಗ್ರೀಕರದ್ದು, ಪಾದ್ರಿಗಳ ಜೊತೆ ಇಲ್ಲಿಗೆ ಬಂತು. ಗುರಿ ಮುಟ್ಟೋನು, ಅದೃಷ್ಟವಂತ ಅಂತ ಅರ್ಥ. ನಮ್ಮ ಕಿವಿಗೆ ತೀಖಿ ಅಂದ ಹಾಗೆ ಕೇಳಿಸ್ತು, ಅಷ್ಟೇ."

"ಗುರಿ ಮುಟ್ಟೋನಾ? ನಾನಾ?"

"ಪುಸ್ತಕ ಹೇಳೋದು ಹಾಗೆ."

ಅವನು ಬರೆದು ತಂದಿದ್ದ ಅರ್ಜಿಯನ್ನು ಕೊಡದೆ ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಮುಂದಿನ ವಾರ ಮತ್ತೆ ಬಂದ. ತನ್ನ ಮೆಕ್ಯಾನಿಕ್‌ನ ಹೆಸರಿಗೆ ಏನರ್ಥ ಎಂದು ಕೇಳಿದ. ಅದರ ಮುಂದಿನ ವಾರ ದೋಣಿಕಟ್ಟೆಯ ಕಾವಲುಗಾರನದು. ಮತ್ತೊಂದು ವಾರ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಣಮೀನು ತಂದು ಕಿಟಕಿಯೊಳಗೆ ತಳ್ಳಿ, "ಅಲೆವ್ತೀನಾ ಅಂದ್ರೆ?" ಎಂದ.

"ಅದಕ್ಕೆ ಪುಸ್ತಕದವರೇ ಪ್ರಶ್ನೆ ಚಿಹ್ನೆ ಹಾಕಿದಾರೆ. ಯಾರಿಗೂ ಸರಿಯಾಗಿ ಗೊತ್ತಿಲ್ವಂತೆ."

"ನಾನು ಕಂಡುಹಿಡೀತೀನಿ."

"ಮೊದಲು ಅಲ್ಯಾ ಅನ್ನೋದು ಕಲಿ. ಮನೇಲಿ ಹಾಗೇ ಕರೀತಾರೆ."

"ಅಲ್ಯಾ," ಎಂದ. ಎಷ್ಟು ಮೆಲ್ಲಗೆಂದರೆ, ಸರದಿಯಲ್ಲಿದ್ದ ಮುದುಕಿ ಏನಂದೆ ಏನಂದೆ ಎಂದು ಕೇಳಿದಳು.

ಆ ಬೇಸಿಗೆಯೆಲ್ಲ ಕೆಲಸ ಮುಗಿದ ಮೇಲೆ ಅವಳು ಸುಮ್ಮನೆ ಹೊಳೆ ದಾಟುವಳು, ಅದೇ ದೋಣಿಯಲ್ಲಿ ವಾಪಸು ಬರುವಳು. ಚುಕ್ಕಾಣಿಯ ಪಕ್ಕದ ಪೆಟ್ಟಿಗೆಯ ಮೇಲೆ ಅವಳಿಗೆಂದು ತನ್ನ ಕೋಟು ಹಾಸಿಡುತ್ತಿದ್ದ. ಅವಳ ಕೂದಲು ಗಾಳಿಗೆ ಅವನ ತೋಳಿಗೆ ತಾಗಿದರೆ ದೋಣಿ ಒಂದಿಷ್ಟು ನಿಧಾನವಾಗುತ್ತಿತ್ತು. ಮದುವೆಯ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. "ಅಮ್ಮನ್ನ ನೋಡೋಕೆ ಬಾ," ಎಂದ, ಸೆಪ್ಟೆಂಬರಿನಲ್ಲಿ.

ಅವನ ತಾಯಿ ಪೆಲಗೇಯಾ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಉಪ್ಪಿನ ಸೌತೆಕಾಯಿ ಇಟ್ಟಳು. ತೀಖೋನ್ ತಲೆ ಬಗ್ಗಿಸಿ ಸಿಪ್ಪೆ ಸುಲಿಯುತ್ತಿದ್ದ.

"ಪುಸ್ತಕದಲ್ಲಿ ಏನೋ ಓದಿ ಹೇಳಿದೀಯಂತೆ, ಮಗಳೇ. ಗುರಿ, ಅದೃಷ್ಟ ಅಂತ."

"ಇರೋದೇ ಹಾಗೆ, ಅಮ್ಮ."

"ಹೆಸರಿಟ್ಟೋಳು ನಾನು ಕಣೇ, ಪುಸ್ತಕ ಅಲ್ಲ. ಇವನಪ್ಪ ಬಲು ಮಾತುಗಾರ. ನನ್ನ ಹತ್ರ ಹಾಡಿದ್ದನ್ನೇ ಇನ್ನೊಬ್ಬಳ ಹತ್ರ ಹಾಡ್ಕೊಂಡು ಹೋದ, ಇವನಿನ್ನೂ ಹೊಟ್ಟೇಲಿದ್ದ. ಬಾಯಿ ಇಲ್ದೋನು ಹುಟ್ಲಿ, ಎಲ್ಲೂ ಹೋಗದೋನು ಹುಟ್ಲಿ ಅಂತ ಬೇಡ್ಕೊಂಡೆ. ಹಂಗೇ ಹುಟ್ಟಿದ. ಈ ಮನೇಲಿ ಇನ್ನೊಬ್ಬಳಿಗೆ ಜಾಗ ಇಲ್ಲ. ಅವನೂ ಹೋಗಲ್ಲ. ಬೇಕಾದ್ರೆ ಕೇಳು."

ಅಲೆವ್ತೀನಾ ಅವನತ್ತ ತಿರುಗಿದಳು. "ತೀಖೋನ್?"

ಅವನು ಸುಲಿದ ಆಲೂಗಡ್ಡೆಯನ್ನು ತಾಯಿಯ ತಟ್ಟೆಗೆ ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡ.

ಅವಳು ಶಾಲು ಹೊದ್ದು ಎದ್ದಳು. ಬಾಗಿಲವರೆಗೂ ಬೆನ್ನ ಹಿಂದೆ ಹೆಜ್ಜೆ ಸಪ್ಪಳಕ್ಕಾಗಿ ಕಾದಳು. ಬರಲಿಲ್ಲ.

ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಆರ್ಕಾದಿ, ಹೆಂಡತಿ ತೀರಿಕೊಂಡವನು, ಹಿಂದೆ ಎರಡು ಸಲ ಅವಳನ್ನು ಮದುವೆಗೆ ಕೇಳಿದ್ದ. ಅಕ್ಟೋಬರಿನಲ್ಲಿ ಮೂರನೇ ಸಲ ಕೇಳಿದಾಗ ಅವಳು ಹೂಂ ಎಂದಳು. ಅರ್ಜಿ ಹಾಕಿದ ಮೇಲೆ ಒಂದು ತಿಂಗಳು ಕಾಯಬೇಕು, ಮನಸ್ಸು ಬದಲಾದೀತೆಂದು ಕಾನೂನೇ ಕೊಟ್ಟ ಗಡುವು. ಎಷ್ಟೋ ಜೋಡಿಗಳಿಗೆ ಇದನ್ನು ತಾನೇ ಬಾಯಿಪಾಠ ಒಪ್ಪಿಸಿದ್ದ ಅಲೆವ್ತೀನಾ, ಆ ತಿಂಗಳಿಡೀ ಬಾಗಿಲು ಕಿರ್ರೆಂದಾಗಲೆಲ್ಲ ಕತ್ತೆತ್ತಿ ನೋಡಿದಳು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಗುತ್ತಿತ್ತು.

ಮದುವೆಗೆ ಎರಡು ದಿನವಿದೆ ಎನ್ನುವಾಗ ತೀಖೋನ್ ಬಂದ. ಗಡ್ಡ ಹೆರೆದು ಬಿಳಿ ಅಂಗಿ ಹಾಕಿದ್ದ. ಸರದಿಯಲ್ಲಿ ಏಳು ಜನರಿದ್ದರು. ಅವರೆಲ್ಲರಿಗೂ ಕೇಳುವಂತೆ ಹೇಳಿದ: "ಅಲ್ಯಾ, ನೀನಂದ್ರೆ ನಂಗೆ ಪ್ರಾಣ. ಅವನನ್ನ ಮದುವೆ ಆಗ್ಬೇಡ."

ಅಲೆವ್ತೀನಾಳ ಪೆನ್ನು ನಿಂತಿತು. ಇಷ್ಟು ದಿನ ಕಾದ ಮಾತು ಕೊನೆಗೂ ಬಂದಿತ್ತು, ಅವಳಿಗೆ ಅಳು ನುಗ್ಗಿತು.

"ಅರ್ಜಿ ವಾಪಸ್ ತಗೋಬಹುದಲ್ವಾ?" ಎಂದ ಅವನು, ಈಗ ಮೆಲ್ಲಗೆ.

"ತಗೋಬಹುದು. ಈಗ್ಲೇ ಹರಿದು ಹಾಕ್ತೀನಿ. ನಿಮ್ಮಮ್ಮಂಗೆ ಹೇಳಿ ಬಂದ್ಯಾ?"

ಅವನು ಟೋಪಿಯ ಅಂಚು ತಿರುವಿದ.

"ಹೇಳ್ತೀಯಾ? ಇವತ್ತು, ನನ್ನ ಜೊತೆ ಬಂದು, ಅವರ ಮುಂದೆ ನಿಂತು?"

ಅವನ ತುಟಿ ಅಲುಗಿದ್ದನ್ನು ಅವಳು ನೋಡಿದಳು. ನಂಬಿಕೆಯಿಂದ ಕಾದಳು. ಸರದಿಯವರೂ ಕಾದರು. ಯಾರೋ ಕೆಮ್ಮಿದರು. ಅವನು ನೆಲ ನೋಡಿದ.

ಅಲೆವ್ತೀನಾ ಕಣ್ಣೊರೆಸಿಕೊಂಡು, ಅವನ ಹೆಗಲಾಚೆ ನೋಡಿ ಕೂಗಿದಳು:

"ಮುಂದಿನವರು ಬನ್ನಿ."

ತೀಖೋನ್ ಪಕ್ಕಕ್ಕೆ ಸರಿದು, ಮಗುವನ್ನೆತ್ತಿಕೊಂಡಿದ್ದ ಹೆಂಗಸಿಗೆ ದಾರಿ ಬಿಟ್ಟ.