ಮೂರು ಮಡಿಕೆಯ ಕಂಬಳಿ

1961ರ ಜನವರಿ 16, ಸೋಮವಾರ. ಬೆಳಿಗ್ಗೆ ಬಂಟ್ವಾಳ ಠಾಣೆಯ ಬಾಗಿಲು ಗುಡಿಸುವ ಮೊದಲೇ ಇಬ್ಬರು ಮೆಟ್ಟಿಲು ಹತ್ತಿದರು. ಮುಂದೆ ಪಾಣೆಮಂಗಳೂರಿನ ಹಂಚಿನ ಕಾರ್ಖಾನೆಯ ಧಣಿ ಅನಂತರಾಜ, ಹಿಂದೆ ಅವರ ಮೇಸ್ತ್ರಿ ಲೋಕನಾಥ.

"ಸುಬ್ಬಪ್ಪ ಇಲ್ಲ," ಎಂದರು ಅನಂತರಾಜ. "ನಿನ್ನೆ ಸಂಜೆಯಿಂದ ಕಾಣುವುದಿಲ್ಲ."

"ಸೌದೆ ಕಡಿಯುವ ಕತ್ತಿಯೂ ಇಲ್ಲ ಸ್ವಾಮಿ," ಎಂದು ಲೋಕನಾಥ ಸೇರಿಸಿದ.

ಸಬ್ ಇನ್ಸ್‌ಪೆಕ್ಟರ್ ನಿತ್ಯಾನಂದ ದೂರಿನ ಪುಸ್ತಕ ಎಳೆದುಕೊಂಡರು. ಸುಬ್ಬಪ್ಪ ಭಾವನನ್ನು ಕೊಂದು ಕಣ್ಣೂರು ಜೈಲಿನಲ್ಲಿದ್ದವನು. ಬಿಡುಗಡೆಯಾಗಿ ಬಂದು ಇನ್ನೂ ಎರಡು ತಿಂಗಳು. ಅವನಿಗೆ ಕೆಲಸ ಕೊಡಬಹುದೇ ಎಂದು ಅನಂತರಾಜ ಇದೇ ಮೇಜಿನ ಮುಂದೆ ಕುಳಿತು ಕೇಳಿದ್ದರು. ಅವರ ತಂದೆ ಚಳವಳಿಯ ಕಾಲದಲ್ಲಿ ಜೈಲಿಗೆ ಹೋದಾಗ ಜ್ವರ ಬಂದು ಬಿದ್ದಿದ್ದರಂತೆ, ಒಬ್ಬ ಕೊಲೆ ಕೈದಿ ಗಂಜಿ ಕುಡಿಸಿ ಉಳಿಸಿದನಂತೆ. ಹೋದ ವರ್ಷ ಸಾಯುವಾಗ ಆ ಋಣ ತೀರಿಸು ಎಂದು ಮಗನಿಗೆ ಹೇಳಿ ಹೋಗಿದ್ದರು. ಧೈರ್ಯವಾಗಿ ಕೊಡಿ ಎಂದವರು ನಿತ್ಯಾನಂದರೇ. ಮುಂದಿನ ತಿಂಗಳು ಅದೇ ಜೈಲಿನಿಂದ ಇನ್ನಿಬ್ಬರು ಕೆಲಸಕ್ಕೆ ಬರುವವರಿದ್ದರು.

"ಜೈಲಿನವ ಬೇಡ ಅಂತ ನಾನು ಆಗಲೇ ಹೇಳಿದ್ದೆ," ಎಂದ ಲೋಕನಾಥ. ಹೇಳಿದ್ದು ನಿಜ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದ್ದವನು ಅವನೇ.

ದೂರು ಬರೆಸಿಕೊಂಡು, ಕಾನ್‌ಸ್ಟೇಬಲ್ ಅಬ್ದುಲ್ ಹಕೀಮನನ್ನು ಕರೆದುಕೊಂಡು ನಿತ್ಯಾನಂದ ಅವರಿಬ್ಬರ ಜೊತೆ ಹೊರಟರು. ಸುದ್ದಿ ಅವರಿಗಿಂತ ಮೊದಲೇ ಸೇತುವೆ ದಾಟಿತ್ತು. ಪೇಟೆಯಲ್ಲಿ ಅರ್ಧ ಅಂಗಡಿಗಳು ಹಲಗೆ ಹಾಕಿದ್ದವು. ಶಾಲೆಗೆ ಹೊರಟ ಮಕ್ಕಳನ್ನು ತಾಯಂದಿರು ದಾರಿಯಿಂದ ಎಳೆದುಕೊಂಡು ಹೋಗುತ್ತಿದ್ದರು. ನದಿಯ ಬದಿಯ ಪೊದೆಯಲ್ಲಿ ನಾಯಿ ಮಿಸುಕಿದರೂ ಹಕೀಮನ ಕೈ ಲಾಠಿಗೆ ಹೋಗುತ್ತಿತ್ತು. ನಿತ್ಯಾನಂದರಿಗೂ ಹೆದರಿಕೆಯಿತ್ತು. ಇಂದು ಯಾರ ಕುತ್ತಿಗೆಗೆ ಆ ಕತ್ತಿ ಬಿದ್ದರೂ ಅದು ತನ್ನ ಮಾತಿನಿಂದ ಬಿದ್ದಂತೆ ಎಂದು ಅವರಿಗೆ ಗೊತ್ತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಹಂಚು ಹೊರುವ ಹೆಂಗಸರು ಗುಂಪಾಗಿ ನಿಂತಿದ್ದರು. ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ.

"ಅವ ನಿಮಗೆ ಏನಾದ್ರೂ ತೊಂದರೆ ಕೊಟ್ಟದ್ದುಂಟಾ?" ನಿತ್ಯಾನಂದ ಕೇಳಿದರು.

"ಇಲ್ಲ ಸ್ವಾಮಿ," ಎಂದಳು ಅವರಲ್ಲಿ ಹಿರಿಯಳಾದ ಸರಸ. "ತಲೆ ಎತ್ತಿ ನೋಡಿದವನಲ್ಲ. ಆದ್ರೆ ಕೊಂದವ ಅಲ್ವಾ, ನಮಗೆ ಹೆದರಿಕೆ."

"ನಿನ್ನೆ ಒಳಗೆ ಯಾರೆಲ್ಲ ಇದ್ದದ್ದು?"

"ಆದಿತ್ಯವಾರ ರಜೆ. ಮೇಸ್ತ್ರಿಯವರು, ಅವ. ಇಬ್ಬರೇ." ಸರಸ ಹಂಚು ಸುಡುವ ಆವೆಯ ಕಡೆ ಕೈ ತೋರಿಸಿದಳು. "ಆವೆಯ ಐದನೇ ಕೋಣೆಗೆ ಶನಿವಾರ ನಾವು ಅರ್ಧ ಹಂಚು ಮಾತ್ರ ಪೇರಿಸಿದ್ದು. ಇವತ್ತು ಇಲ್ಲಿಂದ ನೋಡಿದ್ರೆ ಬಾಗಿಲು ಕಟ್ಟಿ ಆಗಿದೆ. ಉಳಿದದ್ದು ಯಾರು ಪೇರಿಸಿದ್ರು ಅಂತ ಗೊತ್ತಿಲ್ಲ."

ಆ ಮಾತನ್ನು ನಿತ್ಯಾನಂದ ಕೇಳಿಸಿಕೊಂಡರು, ಆದರೆ ಮನಸ್ಸು ಕತ್ತಿಯ ಹಿಂದೆ ಓಡುತ್ತಿತ್ತು.

ಸುಬ್ಬಪ್ಪನ ಕೋಣೆ ಕೂಲಿಯವರ ಸಾಲಿನ ಕೊನೆಯದು. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರು. ಬಾಗಿಲ ಬದಿಯಲ್ಲಿ ಹೊಸ ಚಪ್ಪಲಿ. ನೆಲದ ಮೇಲೆ ಮೂರು ಮಡಿಕೆಯ ಕಂಬಳಿ, ಅದರ ನಡುವೆ ಕವುಚಿಟ್ಟ ಅಲ್ಯುಮಿನಿಯಂ ತಟ್ಟೆ, ತಟ್ಟೆಯ ಮೇಲೆ ಕವುಚಿಟ್ಟ ಲೋಟ.

"ಇದೆಂತದು, ಪೂಜೆಗೆ ಇಟ್ಟ ಹಾಗೆ?" ಎಂದ ಹಕೀಂ.

"ಜೈಲಿನ ಕ್ರಮ ಮಾರಾಯ." ಕೈದಿಗಳನ್ನು ಕಾವಲಿನಲ್ಲಿ ಕಣ್ಣೂರಿಗೆ ಒಯ್ಯುವ ಕೆಲಸವನ್ನು ನಿತ್ಯಾನಂದ ಮೊದಲು ಮಾಡಿದ್ದರು. "ಬೆಳಗಿನ ತಪಾಸಣೆಗೆ ಹೀಗೇ ಇಡಬೇಕು. ಒಂದು ಮಡಿಕೆ ತಪ್ಪಿದರೆ ಆ ದಿನದ ಗಂಜಿ ಇಲ್ಲ. ಎಷ್ಟೋ ವರ್ಷ ಇಟ್ಟ ಕೈ, ಹೊರಗೆ ಬಂದರೂ ಬಿಡುವುದಿಲ್ಲ."

ಓಡಿಹೋಗುವವನು ಚಪ್ಪಲಿ ಬಿಟ್ಟು ಹೋಗುತ್ತಾನೆಯೇ? ಈ ಚಳಿಯಲ್ಲಿ ಕಂಬಳಿ ಬಿಟ್ಟು ಹೋಗುತ್ತಾನೆಯೇ? ನಿತ್ಯಾನಂದರ ಹೆದರಿಕೆ ಅಲ್ಲಿಂದ ಬೇರೆ ಕಡೆಗೆ ತಿರುಗಿತು. ಇಷ್ಟು ಹೊತ್ತು ಸುಬ್ಬಪ್ಪನಿಂದ ಊರಿಗೆ ಏನಾದೀತೋ ಎಂದು ಹೆದರಿದ್ದರು. ಈಗ ಸುಬ್ಬಪ್ಪನಿಗೆ ಏನಾಗಿದೆಯೋ ಎಂದು ಹೆದರಿದರು.

ಹೇಳಿಕೆ ಬರೆದುಕೊಳ್ಳಲು ಮೇಜು ಇದ್ದದ್ದು ಮೇಸ್ತ್ರಿಯ ಕೋಣೆಯಲ್ಲಿ ಮಾತ್ರ. ಲೋಕನಾಥ ವಾರವಿಡೀ ಅಲ್ಲೇ ಮಲಗುತ್ತಿದ್ದ. ಹೆಂಡತಿ ನೀಲಾವತಿ ಮತ್ತು ಮಗಳು ಇರುವುದು ಮಡಂತ್ಯಾರಿನಲ್ಲಿ.

"ಸುಬ್ಬಪ್ಪನನ್ನು ಕಡೆಗೆ ಕಂಡದ್ದು ಯಾವಾಗ?"

"ನಿನ್ನೆ ಸಂಜೆ ಸ್ವಾಮಿ. ನದಿಯ ಕಡೆ ಹೋಗ್ತಾ ಇದ್ದ."

"ಕೈಯಲ್ಲಿ ಕತ್ತಿ ಇತ್ತಾ?"

"ಇತ್ತು."

"ಕಾಲಲ್ಲಿ ಚಪ್ಪಲಿ?"

"ಇತ್ತು ಅಂತ ಕಾಣ್ತದೆ."

ನಿತ್ಯಾನಂದ ತಲೆ ಎತ್ತಿದರು. ಲೋಕನಾಥನ ಹಿಂದೆ, ಮಂಚದ ತಲೆಯ ಕಡೆ, ಕಂಬಳಿಯೊಂದು ಮಡಚಿಟ್ಟಿತ್ತು. ಮೂರು ಮಡಿಕೆ. ನಡುವೆ ಕವುಚಿಟ್ಟ ತಟ್ಟೆ. ಅದರ ಮೇಲೆ ಲೋಟ.

ನಿತ್ಯಾನಂದರ ಕಣ್ಣು ಎಲ್ಲಿ ನಿಂತಿದೆ ಎಂದು ಲೋಕನಾಥ ತಿರುಗಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಆದರೂ ಅವನ ಕೈ ತಾನಾಗಿ ಹೋಗಿ ಲೋಟವನ್ನು ನೆಟ್ಟಗೆ ಮಾಡಿತು.

ಗೇಟಿನಲ್ಲಿ ಸರಸ ಹೇಳಿದ ಮಾತು ಆಗ ನಿತ್ಯಾನಂದರಿಗೆ ನೆನಪಾಯಿತು.

"ಅನಂತರಾಜರೇ, ಅರ್ಧ ತುಂಬಿದ ಕೋಣೆಯನ್ನು ಯಾರಾದರೂ ಸುಡ್ತಾರಾ?"

"ಸೌದೆ ದಂಡಕ್ಕಾ? ಯಾರೂ ಸುಡುವುದಿಲ್ಲ."

"ಐದನೇ ಕೋಣೆಗೆ ಬೆಂಕಿ ಯಾವಾಗ?"

ಧಣಿ ಮೇಸ್ತ್ರಿಯ ಮುಖ ನೋಡಿದರು. ಉತ್ತರ ಬಂದದ್ದು ಹೊರಗೆ ನಿಂತಿದ್ದ ಸೌದೆಯವನಿಂದ. "ಹಾಕಿ ಆಯ್ತಲ್ಲ ಸ್ವಾಮಿ. ಠಾಣೆಗೆ ಹೊರಡುವಾಗಲೇ ಮೇಸ್ತ್ರಿ ಹೇಳಿ ಹೋಗಿದ್ರು."

ಎಲ್ಲರೂ ಓಡಿದರು. ಐದನೇ ಕೋಣೆಯ ಒಲೆಬಾಯಿಯಲ್ಲಿ ಸೌದೆ ಹೊಗೆಯಾಡುತ್ತಿತ್ತು. ಹಕೀಂ ಉರಿಯುವ ಕೊಳ್ಳಿಗಳನ್ನು ಎಳೆದು ಹೊರಗೆ ಹಾಕಿದ. ಕಟ್ಟಿದ ಬಾಗಿಲ ಮೇಲೆ ಮೆತ್ತಿದ ಮಣ್ಣು ಇನ್ನೂ ಹಸಿ. ನಿತ್ಯಾನಂದ ಹಾರೆ ಕಿತ್ತುಕೊಂಡು ತಾವೇ ಹೊಡೆದರು. ಒಂದೊಂದು ಇಟ್ಟಿಗೆ ಬೀಳುವಾಗಲೂ ಒಳಗಿನಿಂದ ಬಿಸಿ ಹೊಗೆ ಮುಖಕ್ಕೆ ಬಡಿಯಿತು. ದೇವರೇ, ತಡವಾಯಿತೇ ಎಂದು ಅವರು ಬಾಯಿಬಿಟ್ಟೇ ಹೇಳಿದರು.

ಸುಬ್ಬಪ್ಪ ಹಸಿ ಹಂಚುಗಳ ಹಿಂದೆ ಬಿದ್ದಿದ್ದ. ಕೈಕಾಲಿಗೆ ತೆಂಗಿನ ಹಗ್ಗ, ಬಾಯಿಗೆ ಗೋಣಿಚಿಂದಿ, ತಲೆಯಲ್ಲಿ ಹೆಪ್ಪುಗಟ್ಟಿದ ರಕ್ತ. ಹಸಿ ಹಂಚು ಬಿರಿಯಬಾರದೆಂದು ಮೊದಲ ದಿನ ಸಣ್ಣ ಬೆಂಕಿಯನ್ನೇ ಹಾಕುವುದು ಆವೆಯ ಕ್ರಮ. ಆ ಕ್ರಮ ಅವನ ಜೀವ ಉಳಿಸಿತ್ತು. ಗೋಣಿ ತೆಗೆದಾಗ ಕೆಮ್ಮಿದ. ಗೇಟಿನ ಹೆಂಗಸರೆಲ್ಲ ಅಷ್ಟು ಹೊತ್ತಿಗೆ ಒಳಗೆ ಬಂದಿದ್ದರು. ಸರಸ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ನೀರು ಕುಡಿಸಿದಳು.

ಲೋಕನಾಥ ಓಡಲಿಲ್ಲ. ನಿತ್ಯಾನಂದ ತಿರುಗಿ ನೋಡಿದಾಗ, ಎಣಿಕೆಗೆ ಕೂರುವ ಕೈದಿಯಂತೆ ಮೊಣಕಾಲಿನ ಮೇಲೆ ಕೈಯಿಟ್ಟು ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹನ್ನೊಂದು ಗಂಟೆಗೆ ದಸ್ತಗಿರಿಯಾಯಿತು. ಕತ್ತಿ ಅವನ ಮಂಚದ ಕೆಳಗೆ ಸಿಕ್ಕಿತು. ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು.

"ಜೈಲಿಗೆ ಹೋದದ್ದು ಯಾತಕ್ಕೆ?" ಠಾಣೆಯಲ್ಲಿ ನಿತ್ಯಾನಂದ ಕೇಳಿದರು.

"ಜಗಳ," ಎಂದ ಲೋಕನಾಥ. "ಚೂರಿ ಹಾಕಿದ್ದೆ. ಕಣ್ಣೂರಿನಲ್ಲೇ ಇದ್ದೆ. ಆಗ ಹೆಸರು ಬೇರೆ ಇತ್ತು. ಬಿಡುಗಡೆಯಾಗಿ ಈ ಹೆಸರಲ್ಲಿ ಇಲ್ಲಿಗೆ ಬಂದೆ. ಒಂಬತ್ತು ವರ್ಷ ಆಯ್ತು."

"ಹೆಂಡತಿಗೆ ಗೊತ್ತುಂಟಾ?"

"ಯಾರಿಗೂ ಗೊತ್ತಿಲ್ಲ."

"ಸುಬ್ಬಪ್ಪ ಬೆದರಿಸಿದನಾ?"

"ಇಲ್ಲ. ಮೊದಲ ದಿನವೇ ನನ್ನ ಗುರುತು ಹಿಡಿದ. ಏನೂ ಹೇಳಲಿಲ್ಲ. ಕಂಡಾಗಲೆಲ್ಲ ಸಣ್ಣಗೆ ನಗ್ತಾ ಇದ್ದ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ ಸ್ವಾಮಿ. ನಿದ್ರೆ ಇಲ್ಲ. ಇನ್ನಿಬ್ಬರು ಬರ್ತಾರೆ ಅಂತ ಧಣಿಗಳು ಹೇಳಿದ್ರು. ಎಷ್ಟು ಮಂದಿಯಿಂದ ಅಡಗುವುದು?"

ಹೊರಗೆ ಬೆಂಚಿನಲ್ಲಿ ಅನಂತರಾಜ ಕುಳಿತಿದ್ದರು. "ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತು ಅವ," ಎಂದರು.

"ಒಂಬತ್ತು ವರ್ಷದ ಹಿಂದೆ ಹೇಳಿದ್ದರೆ ಕೆಲಸ ಕೊಡ್ತಿದ್ರಾ?" ನಿತ್ಯಾನಂದ ಕೇಳಿದರು.

"ಇಲ್ಲ," ಎಂದರು ಅನಂತರಾಜ.

ಮರುದಿನ ನಿತ್ಯಾನಂದ ಆಸ್ಪತ್ರೆಗೆ ಹೋಗಿ ಸುಬ್ಬಪ್ಪನ ಹೇಳಿಕೆ ಪಡೆದರು. ಅವನ ತಲೆಗೆ ಬಟ್ಟೆ ಸುತ್ತಿತ್ತು, ದನಿ ಇನ್ನೂ ಹೊಗೆಯಿಂದ ಒಡೆದಿತ್ತು.

"ಯಾಕೆ ನಗ್ತಾ ಇದ್ದೆ ನೀನು?"

"ಸಂತೋಷಕ್ಕೆ ಸ್ವಾಮಿ. ಊರಿಗೆ ಊರೇ ನನ್ನನ್ನು ಕಂಡು ಹೆದರ್ತದೆ. ಇಲ್ಲಿ ನನ್ನ ಹಾಗಿನವ ಒಬ್ಬ ಉಂಟು, ಮೇಸ್ತ್ರಿ ಆಗಿದ್ದಾನೆ, ಮಗಳುಂಟು ಅಂತ. ನಾನೂ ಹಾಗೆ ಆಗಬಹುದು ಅಂತ." ಆಮೇಲೆ ಅವನೇ ಕೇಳಿದ. "ಠಾಣೆಯಲ್ಲಿ ಅವನಿಗೆ ಕಂಬಳಿ ಕೊಟ್ಟಿದ್ದೀರಾ?"

"ಕೊಟ್ಟಿದ್ದೇವೆ."

"ಮಡಚಿಟ್ಟಿರಬೇಕು," ಎಂದ ಸುಬ್ಬಪ್ಪ.

ನಿತ್ಯಾನಂದ ಹೌದೆಂದು ತಲೆಯಾಡಿಸಿದರು. ಬೆಳಿಗ್ಗೆ ಬರುವಾಗ ಅದನ್ನು ನೋಡಿಯೇ ಬಂದಿದ್ದರು.